ಬ್ಯಾಜಿನ ಮೇಲಿನ ಸಂತರು: ಕಥೊಲಿಕ ಶಾಲೆಯ ಲಾಂಛನ ಓದುವ ಬಗೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯನ್ನೆಲ್ಲ ‘ಕಾನ್ವೆಂಟ್’ ಎಂದುಬಿಡುವುದು ರೂಢಿ. ನಿಜವಾದ ಕಥೊಲಿಕ ಶಾಲೆಯೋ ಅಲ್ಲವೋ ಎಂಬ ಸುಳಿವು ಮಕ್ಕಳ ಜೇಬಿನ ಮೇಲಿನ ಬ್ಯಾಜಿನಲ್ಲಿ ಸಿಗುತ್ತದೆ. ಶಿಲುಬೆ ಕ್ರೈಸ್ತರದು ಎಂದಷ್ಟೇ ಹೇಳುತ್ತದೆ. ಯಾವ ಸಂತ, ಸನ್ಯಾಸಿಗಳ ಯಾವ ಸಭೆ ಎಂಬುದನ್ನು ಅದರ ಸುತ್ತಲಿನ ಗುರುತುಗಳಲ್ಲಿ ಹುಡುಕಬೇಕು.

ಅಡ್ಡಹಾಕಿದ ಕೈಗಳು

ಬಳ್ಳಾರಿ ಧರ್ಮಪ್ರಾಂತ್ಯ ಆದದ್ದು 1949ರಲ್ಲಿ. ಅದರ ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್ ಫ್ರಾನ್ಸಿಸ್ಕನ್ ಸಭೆಯವರು. ಅವರ ನಂತರ ಬಂದ ಆಂಬ್ರೋಸ್ ಯೆದ್ದನಪಲ್ಲಿಯವರೂ ಅದೇ ಸಭೆಯವರು. ಈ ಸಭೆಯ ಗುರುತಿನಲ್ಲಿ ಶಿಲುಬೆಯ ಮುಂದೆ ಎರಡು ಕೈಗಳು ಒಂದರ ಮೇಲೊಂದು ಅಡ್ಡ ಹಾಯ್ದಿವೆ. ಬರಿಗೈ ಯೇಸುವಿನದು, ನಿಲುವಂಗಿಯ ತೋಳು ತೊಟ್ಟದ್ದು ಸಭೆಯನ್ನು ಕಟ್ಟಿದ ಸಂತ ಫ್ರಾನ್ಸಿಸರದು. ಎರಡೂ ಅಂಗೈಗಳಲ್ಲಿ ಮೊಳೆಯ ಗಾಯವಿರುತ್ತದೆ. 1224ರಲ್ಲಿ ಇಟಲಿಯ ಲಾ ವೆರ್ನಾ ಬೆಟ್ಟದಲ್ಲಿ ಫ್ರಾನ್ಸಿಸರ ಮೈಮೇಲೆ ಯೇಸುವಿನ ಗಾಯಗಳು ಮೂಡಿದವೆಂಬುದು ನಂಬಿಕೆ.

ಸೂರ್ಯನೊಳಗಿನ ಮೂರು ಅಕ್ಷರ

ಯೇಸುಸಭೆಯವರ (ಜೆಸ್ಯೂಟರ) ಗುರುತು ಐ ಎಚ್ ಎಸ್: ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ನಡುವಿನ ಅಕ್ಷರದ ಮೇಲೆ ಶಿಲುಬೆ, ಕೆಳಗೆ ಮೂರು ಮೊಳೆ, ಸುತ್ತ ಕಿರಣ. ಸ್ವಾರಸ್ಯವೆಂದರೆ, ಕಿರಣಗಳೊಳಗಿನ ಈ ಅಕ್ಷರಗಳನ್ನು 15ನೇ ಶತಮಾನದಲ್ಲಿ ಊರೂರು ತಿರುಗಿ ಜನಪ್ರಿಯಗೊಳಿಸಿದವರು ಸಿಯೆನಾದ ಬರ್ನಾರ್ಡಿನೊ, ಅವರು ಫ್ರಾನ್ಸಿಸ್ಕನ್ನರು! ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಅದನ್ನು ತಮ್ಮ ಮುದ್ರೆಯಾಗಿಸಿಕೊಂಡದ್ದು 16ನೇ ಶತಮಾನದಲ್ಲಿ.

ದೀಪ ಮತ್ತು ಇಬ್ಬರು ಯೋಹಾನರು

1880ರಲ್ಲಿ ಯೇಸುಸಭೆಯವರು ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜಿನ ಧ್ಯೇಯವಾಕ್ಯ ‘ಲೂಸೆಟ್ ಎಟ್ ಆರ್ಡೆಟ್’, ಅಂದರೆ ಬೆಳಗುತ್ತದೆ, ಉರಿಯುತ್ತದೆ. ಇದರಲ್ಲಿ ಸ್ನಾನಿಕ ಯೋಹಾನನನ್ನು ಯೇಸು ಉರಿಯುವ ದೀಪಕ್ಕೆ ಹೋಲಿಸಿದ ಮಾತಿನ ನೆನಪಿದೆ. ಸರಸ್ವತಿ ಪೂಜೆಯ ಮನೆಯಿಂದ ಬಂದ ಮಗುವಿಗೂ ದೀಪ, ಪುಸ್ತಕ ಪರಕೀಯ ಅನ್ನಿಸುವುದಿಲ್ಲ; ಬ್ಯಾಜುಗಳಲ್ಲಿ ಇವು ಮತ್ತೆ ಮತ್ತೆ ಕಾಣಲು ಇದೂ ಒಂದು ಕಾರಣವಿರಬೇಕು.

ಯೋಹಾನನೇ ಇಂಗ್ಲಿಷಿನ ಜಾನ್. ಆ ಹೆಸರಿನ ಶಾಲೆಯಾದರೆ ಪ್ರಾಣಿ ಪಕ್ಷಿಗಳನ್ನು ಗಮನಿಸಿ. ಕುರಿಮರಿ ಇದ್ದರೆ ಸ್ನಾನಿಕ ಯೋಹಾನ, ಹದ್ದು ಇದ್ದರೆ ಸುವಾರ್ತೆ ಬರೆದ ಯೋಹಾನ.

ಬಡಗಿಯ ಮೂಲೆಮಟ್ಟ

ಸಂತ ಜೋಸೆಫರ ಗುರುತು ಲಿಲ್ಲಿ ಹೂವು, ಪಾವಿತ್ರ್ಯದ ಸಂಕೇತ. ಅವರು ಬಡಗಿಯಾದ್ದರಿಂದ ಗರಗಸ, ಮೂಲೆಮಟ್ಟವೂ ಸಲ್ಲುತ್ತವೆ. 1882ರಲ್ಲಿ ಶುರುವಾದ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಧ್ಯೇಯವಾಕ್ಯ ‘ಫಿದೆ ಎಟ್ ಲಾಬೊರೆ’: ಶ್ರದ್ಧೆಯಿಂದ, ದುಡಿಮೆಯಿಂದ. 1955ರಲ್ಲಿ ಪೋಪ್ 12ನೇ ಪಿಯುಸ್ ಮೇ 1ನ್ನು ಕಾರ್ಮಿಕ ಜೋಸೆಫರ ಹಬ್ಬವೆಂದು ಸಾರಿದರು. ಶಾಲೆಯ ಲಾಂಛನಕ್ಕೆ ಹೂವಿಗಿಂತ ಮೂಲೆಮಟ್ಟವೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಲೆಕ್ಕ, ಆದರೆ ಬರೆಯುವವರ ಕೈಗೆ ಸಾಮಾನ್ಯವಾಗಿ ಬರುವುದು ಲಿಲ್ಲಿಯೇ.