ಎತ್ತರ ಸಾಲದ ನೀರು

ಕಳೆದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂತು. ಎಪ್ಪತ್ತು ದಾಟಿದ ಅಮ್ಮ ಅಲ್ಲಿಯವರೆಗೂ ಹಿತ್ತಿಲ ಕಲ್ಲಿನ ಮುಂದೆ ಬಗ್ಗಿಯೇ ಒಗೆಯುತ್ತಿದ್ದಳು. ಸೊಂಟ ಹಿಡಿದ ಮೇಲೆ ನಾನು ಹಟ ಮಾಡಿ ತರಿಸಿದೆ.

ಪೈಪು ಜೋಡಿಸಲು ಬಂದ ಹುಡುಗ ಮುಕ್ಕಾಲು ಇಂಚಿನ ಮರೆಯಿರುವ ನಲ್ಲಿ ಕೂಡಿಸಿ, ಟೇಪು ಸುತ್ತಿ, ಮೆದುಪೈಪು ಬಿಗಿದ. ಯಂತ್ರಕ್ಕೆ ನೀರು ಏರಲೇ ಇಲ್ಲ. ಮಹಡಿ ಹತ್ತಿ ನೋಡಿ ಬಂದು ಹೇಳಿದ: 'ಅಕ್ಕಾ, ಟ್ಯಾಂಕು ತಾರಸಿ ಮೇಲೆ ಹಾಗೇ ಕೂತಿದೆ. ಎತ್ತರ ಸಾಲದು.'

ಲೆಕ್ಕ ಸರಳ. ಹತ್ತು ಮೀಟರು ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಮ್ಮ ಯಂತ್ರ ಕೇಳುತ್ತಿದ್ದುದು 0.3 ಬಾರ್, ಅಂದರೆ ನಲ್ಲಿಯಿಂದ ಮೂರು ಮೀಟರು ಮೇಲೆ ನೀರಿರಬೇಕು. ನಮ್ಮದು ಹಳೆಯ, ಗಿಡ್ಡ ಸೂರಿನ ಮನೆ. ತಳ ಸೇರಿದ ನೀರಿಗೆ ಅಷ್ಟು ಎತ್ತರವಿರಲಿಲ್ಲ.

ಇದೇ 'ಎತ್ತರ ಸಾಲದು' ಎಂಬ ಮಾತು ಈ ಸೀಮೆಯ ನೀರಿನ ಚರಿತ್ರೆಯಲ್ಲಿ ಮೊದಲೂ ಬಂದಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ತಾಲ್ಲೂಕನ್ನು ಹಾದು ಹೆಸರಘಟ್ಟಕ್ಕೆ ಇಳಿಯುತ್ತದೆ. ಕೆರೆಗಳನ್ನೇ ನಂಬಿದ್ದ ಬೆಂಗಳೂರಿಗೆ ಬರಗಾಲಗಳು ಪಾಠ ಕಲಿಸಿದ ಮೇಲೆ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ನೀರನ್ನು ನಗರಕ್ಕೆ ಒಯ್ಯುವ ಯೋಜನೆ ರೂಪುಗೊಂಡಿತು. ಆದರೆ ನಗರ ಮೇಲಿತ್ತು, ನೀರು ಕೆಳಗಿತ್ತು. ಸೋಲದೇವನಹಳ್ಳಿವರೆಗೆ ನೀರು ತಾನಾಗಿ ಹರಿದು ಬಂತು. ಅಲ್ಲಿಂದ ಉಗಿಯಂತ್ರಗಳು ಅದನ್ನು ಎತ್ತಿ ಮಲ್ಲೇಶ್ವರದ ಎತ್ತರಕ್ಕೆ ಕಳಿಸಿದವು. ಅಲ್ಲಿಂದ ಮತ್ತೆ ಇಳಿಜಾರಿನಲ್ಲಿ ಪೈಪುಗಳಿಗೆ. ನಮ್ಮ ಮನೆಯ ಟ್ಯಾಂಕಿನದೂ ಇದೇ ಕಥೆ: ಮೊದಲು ಎತ್ತು, ಆಮೇಲೆ ಇಳಿಸು.

1925ರ ಹೊತ್ತಿಗೆ ಹೆಸರಘಟ್ಟ ಬತ್ತಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅರ್ಕಾವತಿಗೆ ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಇನ್ನೊಂದು ಅಣೆಕಟ್ಟು ಬಂತು. 1974ರಲ್ಲಿ ಕಾವೇರಿಯೇ ನಗರ ತಲುಪಿತು. ನದಿ ಹುಟ್ಟುವ ಕಡೆಯ ನಾವು ಮಾತ್ರ ಕೆರೆ, ಬಾವಿ, ಆಮೇಲೆ ಕೊಳವೆಬಾವಿ ಎಂದು ಕೆಳಕ್ಕೆ ಇಳಿಯುತ್ತ ಹೋದೆವು.

ಹೀಗೆ ಇಳಿದಾಗ ನೀರಿನ ಗುಣವೂ ಬದಲಾಯಿತು. ಕೆರೆಯದು ಮಳೆನೀರು, ಮೆದು. ಅಜ್ಜಿಯ ಕಾಲದಲ್ಲಿ ಅಂಟುವಾಳಕ್ಕೂ ಅದು ನೊರೆ ಕೊಡುತ್ತಿತ್ತು. ಕಲ್ಲಿನ ಸಂದಿಯ ಕೊಳವೆಬಾವಿ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಸೋಪು ನೊರೆ ಬಿಡದೆ ಕೆನೆಯಂತೆ ಅಂಟುತ್ತದೆ. ಅಗಸರು ಬಟ್ಟೆಯನ್ನು ಉಬ್ಬೆಗೆ ಹಾಕುವಾಗ ಸವಳು ಮಣ್ಣು ಬಳಸುತ್ತಿದ್ದರು. ಅದರಲ್ಲಿರುವ ಸೋಡಾ ಆ ಸುಣ್ಣವನ್ನು ಬೇರ್ಪಡಿಸಿ ನೀರನ್ನು ಮೆದುಗೊಳಿಸುತ್ತದೆ. ಮಡಿವಾಳ ಮಾಚಿದೇವರ ಕುಲಕಸುಬಿನಲ್ಲಿ ಇಷ್ಟು ರಸಾಯನಶಾಸ್ತ್ರ ಅಡಗಿತ್ತು. ಆ ಜ್ಞಾನಕ್ಕೆ ನಾವು ಕೊಟ್ಟದ್ದು ಮನೆಯ ಹೊರಗಿನ ಜಾಗ ಮತ್ತು ಸುಗ್ಗಿಯ ಒಂದಿಷ್ಟು ಕಾಳು. ಈಗ ಯಂತ್ರದ ಹೀಟರಿಗೆ ಅದೇ ಸುಣ್ಣ ಕಟ್ಟುತ್ತದೆ, ನಾವು ಅಂಗಡಿಯಿಂದ ಪುಡಿ ತಂದು ಸುರಿಯುತ್ತೇವೆ.

ಟ್ಯಾಂಕಿಗೆ ನಾಲ್ಕು ಸಾಲು ಇಟ್ಟಿಗೆಯ ಕಟ್ಟೆ ಕಟ್ಟಿಸಿದ ಮೇಲೆ ಯಂತ್ರ ತಿರುಗಿತು. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಎಂಬ ವೈದ್ಯ 2010ರ ಭಾಷಣವೊಂದರಲ್ಲಿ, ತನ್ನ ಅಜ್ಜಿ ಮೊದಲ ವಾಷಿಂಗ್ ಮೆಷಿನ್ ಮುಂದೆ ಕೂತು ಅದು ಒಗೆಯುವುದನ್ನು ಕೊನೆಯವರೆಗೂ ನೋಡಿದ್ದನ್ನು ನೆನೆಯುತ್ತಾನೆ. ಉಳಿದ ಹೊತ್ತಿನಲ್ಲಿ ಅವನ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ದಳಂತೆ. ನನ್ನಮ್ಮನೂ ಹಾಗೆ ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಬಚ್ಚಲಿಗೆ ಹೋಗಿ, ಕೊಳೆನೀರಿನ ಪೈಪಿನ ಬಾಯಿಗೆ ಬಕೆಟ್ಟು ಹಿಡಿದಳು.

'ನಾಲ್ಕು ಬಕೆಟ್ಟು ಕಣೇ. ಇಷ್ಟರಲ್ಲಿ ನಾನೂ ಮುಗಿಸ್ತಿದ್ದೆ.'

'ನಿನ್ನ ಸೊಂಟದ ಲೆಕ್ಕ ಅದರಲ್ಲಿ ಇಲ್ವಲ್ಲಮ್ಮ,' ಅಂದೆ.

ಅಮ್ಮ ಉತ್ತರಿಸಲಿಲ್ಲ. ಕೊನೆಯ ಜಾಲಾಡಿದ ನೀರಿನ ಬಕೆಟ್ಟನ್ನು ಕಕ್ಕಸಿನ ಬಾಗಿಲಲ್ಲಿ ಇಟ್ಟು, ಬಟ್ಟೆ ಹರವಲು ಹೋದಳು. ಒಗೆಯೋ ಕಲ್ಲು ಹಿತ್ತಿಲಲ್ಲಿ ಹಾಗೇ ಇದೆ. ಕರೆಂಟು ಹೋದ ದಿನ ಬೇಕಾಗುತ್ತದೆ ಎನ್ನುತ್ತಾಳೆ.