ಬೀಜಗಣಿತ ಮತ್ತು ರೇಖಾಗಣಿತ: ಜಮೀನಿನ ಅಳತೆಯ ಮೂಲಕ ಪ್ರಾಥಮಿಕ ಪರಿಚಯ

(ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಧಾರವಾಡ ನಗರಕ್ಕೆ ಹೊಂದಿಕೊಂಡಿರುವ ಕೆಲಗೇರಿಯಂತಹ ಪ್ರದೇಶಗಳಲ್ಲಿ ಹೊಲದ ವಿಸ್ತೀರ್ಣವನ್ನು ಎಕರೆ ಹಾಗೂ ಗುಂಟೆಗಳಲ್ಲಿಯೂ, ಮನೆ ನಿವೇಶನದ ವಿಸ್ತೀರ್ಣವನ್ನು ಚದರ ಅಡಿಗಳಲ್ಲಿಯೂ ಹೇಳುವುದು ರೂಢಿಯಲ್ಲಿದೆ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಯೆಂದರೆ ಪ್ರತಿ ಬದಿಗೆ 33 ಅಡಿ ಇರುವ ಚೌಕ, ಅಂದರೆ 1,089 ಚದರ ಅಡಿ. ಪಹಣಿ ಪತ್ರಿಕೆಯಲ್ಲಿ (ಉತಾರ) ನಮೂದಾಗಿರುವ ಈ ಅಳತೆಗಳನ್ನು ಅರ್ಥ ಮಾಡಿಕೊಳ್ಳಲು ಪ್ರೌಢಶಾಲೆಯ ಗಣಿತವೇ ಸಾಕಾಗುತ್ತದೆ. ತತ್ಸಂಬಂಧ ಮುಖ್ಯ ಪರಿಕಲ್ಪನೆಗಳನ್ನು ಈ ಕೆಳಗಿನಂತೆ ವಿವರಿಸಲಾಗಿದೆ.

2. ಚರಾಕ್ಷರ ಮತ್ತು ಸಮೀಕರಣ

ಬೆಲೆ ತಿಳಿಯದ ಸಂಖ್ಯೆಯ ಬದಲಿಗೆ ಬಳಸುವ ಅಕ್ಷರವೇ ಚರಾಕ್ಷರ. ಎರಡು ಬೆಲೆಗಳು ಸಮವೆಂದು ತಿಳಿಸುವ ಹೇಳಿಕೆಯೇ ಸಮೀಕರಣ.

ಉದಾಹರಣೆ: ಆಯತಾಕಾರದ ನಿವೇಶನವೊಂದರ ಸುತ್ತಳತೆ 140 ಅಡಿ, ಉದ್ದವು ಅಗಲಕ್ಕಿಂತ 10 ಅಡಿ ಹೆಚ್ಚು. ಅಗಲವನ್ನು ‘ಅ’ ಎಂದು ಭಾವಿಸಿದರೆ ಉದ್ದವು ಅ + 10. ಉದ್ದ ಹಾಗೂ ಅಗಲಗಳ ಮೊತ್ತವು ಸುತ್ತಳತೆಯ ಅರ್ಧವಾದುದರಿಂದ,

ಅ + (ಅ + 10) = 70
2ಅ = 60
ಅ = 30

ಆದ್ದರಿಂದ ಸದರಿ ನಿವೇಶನವು 30 × 40 ಅಡಿ. ವಿಸ್ತೀರ್ಣ 1,200 ಚದರ ಅಡಿ.

3. ಮೊತ್ತದ ವರ್ಗ

(ಅ + ಬ)² = ಅ² + 2ಅಬ + ಬ²

ಗುಂಟೆಯ ಚೌಕದ ಬದಿಯನ್ನು 30 + 3 ಎಂದು ವಿಭಾಗಿಸಿದಾಗ ಒಂದು ದೊಡ್ಡ ಚೌಕ (900), 30 × 3 ಅಡಿಯ ಎರಡು ಪಟ್ಟಿಗಳು (180) ಹಾಗೂ ಒಂದು ಸಣ್ಣ ಚೌಕ (9) ದೊರೆಯುತ್ತವೆ. ಒಟ್ಟು 1,089. ಅನೇಕ ವಿದ್ಯಾರ್ಥಿಗಳು 2ಅಬ ಎಂಬ ಪದವನ್ನು ಬಿಟ್ಟು 909 ಎಂದು ಬರೆಯುತ್ತಾರೆ. ಈ ತಪ್ಪಿನಿಂದ ಪ್ರತಿ ಗುಂಟೆಗೆ 180 ಚದರ ಅಡಿ, ಎಕರೆಗೆ 7,200 ಚದರ ಅಡಿ, ಅಂದರೆ ಆರೂವರೆ ಗುಂಟೆಗೂ ಹೆಚ್ಚು ಭೂಮಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

4. ಚತುರ್ಭುಜ ಮತ್ತು ಕರ್ಣ

ನಾಲ್ಕು ಬದಿಗಳ ಅಳತೆಯಷ್ಟರಿಂದಲೇ ಹೊಲದ ವಿಸ್ತೀರ್ಣವು ನಿರ್ಧಾರವಾಗುವುದಿಲ್ಲ. ಪ್ರತಿ ಬದಿಯೂ 65 ಅಡಿ ಇರುವ ಹೊಲವು ಚೌಕವಾಗಿದ್ದಲ್ಲಿ ವಿಸ್ತೀರ್ಣ 4,225 ಚದರ ಅಡಿ. ಅವೇ ಬದಿಗಳಿದ್ದು ಒಂದು ಕರ್ಣವು 120 ಅಡಿ ಇದ್ದಲ್ಲಿ, ಆ ಕರ್ಣವು ಹೊಲವನ್ನು ಎರಡು ಸಮ ತ್ರಿಭುಜಗಳಾಗಿ ವಿಭಾಗಿಸುತ್ತದೆ. ಪೈಥಾಗೊರಸ್ ಪ್ರಮೇಯದಂತೆ 65² − 60² = 625 ಆಗಿರುವುದರಿಂದ ಪ್ರತಿ ತ್ರಿಭುಜದ ಎತ್ತರ 25 ಅಡಿ.

ಒಂದು ತ್ರಿಭುಜದ ವಿಸ್ತೀರ್ಣ = ½ × 120 × 25 = 1,500
ಹೊಲದ ವಿಸ್ತೀರ್ಣ = 3,000 ಚದರ ಅಡಿ

ವ್ಯತ್ಯಾಸ 1,225 ಚದರ ಅಡಿ. ಒಂದು ಗುಂಟೆಗೂ ಹೆಚ್ಚು. ಎದುರು ಬದಿಗಳ ಸರಾಸರಿಗಳನ್ನು ಗುಣಿಸುವ ರೂಢಿಯ ಕ್ರಮವು ಆಯತಕ್ಕೆ ಮಾತ್ರ ಸರಿಹೊಂದುತ್ತದೆ. ಉಳಿದ ಎಲ್ಲ ಚತುರ್ಭುಜಗಳಲ್ಲಿ ಅದು ನಿಜ ವಿಸ್ತೀರ್ಣಕ್ಕಿಂತ ಹೆಚ್ಚನ್ನು ತೋರಿಸುವುದರಿಂದ, ಕೊಳ್ಳುವವರು ಇಲ್ಲದ ಭೂಮಿಗೂ ಹಣ ತೆರಬೇಕಾಗುತ್ತದೆ.

5. ಕರ್ನಾಟಕದ ಪರಂಪರೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಕ್ಷೇತ್ರಗಳ ವಿಸ್ತೀರ್ಣಕ್ಕೆ ವ್ಯಾವಹಾರಿಕ (ಸ್ಥೂಲ) ಹಾಗೂ ಸೂಕ್ಷ್ಮ (ನಿಖರ) ಎಂಬ ಎರಡು ಬಗೆಯ ಕ್ರಮಗಳನ್ನು ಪ್ರತ್ಯೇಕವಾಗಿ ನೀಡುತ್ತದೆ. 12ನೇ ಶತಮಾನದ ರಾಜಾದಿತ್ಯನು ‘ಕ್ಷೇತ್ರಗಣಿತ’ವೂ ಸೇರಿದಂತೆ ಗಣಿತ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು.

6. ವಿದ್ಯಾರ್ಥಿಗಳಿಗೆ ಸೂಚನೆಗಳು

ಅ) ಶಾಲೆಯ ಆಟದ ಮೈದಾನದ ನಾಲ್ಕು ಬದಿಗಳೊಂದಿಗೆ ಒಂದು ಕರ್ಣವನ್ನೂ ಟೇಪಿನಿಂದ ಅಳೆದು ವಿಸ್ತೀರ್ಣವನ್ನು ಕಂಡುಹಿಡಿಯುವುದು.

ಆ) 30 × 40 ಅಡಿಯ ನಿವೇಶನದ ಮೂಲೆಗಳು ಲಂಬಕೋನವಾಗಿದ್ದಲ್ಲಿ ಎರಡೂ ಕರ್ಣಗಳು ತಲಾ 50 ಅಡಿ ಇರತಕ್ಕದ್ದು. ಇದನ್ನು ಅಳೆದು ಪರಿಶೀಲಿಸುವುದು.

ಇ) ಈ ಲೆಕ್ಕಗಳು ಕಲಿಕೆಗಾಗಿ ಮಾತ್ರ. ಗಡಿ ಹಾಗೂ ವಿಸ್ತೀರ್ಣದ ಬಗ್ಗೆ ತಕರಾರುಗಳಿದ್ದಲ್ಲಿ ಭೂಮಾಪನ ಇಲಾಖೆಯ ಅಧಿಕೃತ ಅಳತೆಯನ್ನೇ ಆಧರಿಸತಕ್ಕದ್ದು.