ಕ್ಲಾರಿಯೋನೆಟ್ ಜಾಯಿಂಟ್‌ಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ?

ಬಿಳಿಚೋಡಿನ ಮದುವೆಯಿರಲಿ, ಜಗಳೂರಿನ ಮೆರವಣಿಗೆಯಿರಲಿ, ಬ್ಯಾಂಡ್‌ಸೆಟ್‌ನ ಕ್ಲಾರಿಯೋನೆಟ್ ನಡುವೆ ಕೀರಲು ಶುರುವಾದರೆ ಊದುವವರನ್ನು ಬೈಯಬೇಡಿ. ಜಾಯಿಂಟ್‌ನಲ್ಲಿ ಗಾಳಿ ಸೋರುತ್ತಿರಬಹುದು. ಅದಕ್ಕೆ ಕೊಬ್ಬರಿ ಎಣ್ಣೆ ಮದ್ದಲ್ಲ.

ಯಾಕೆ?

ಕ್ಲಾರಿಯೋನೆಟ್‌ನ 5 ಭಾಗಗಳ ನಡುವೆ 4 ಜಾಯಿಂಟ್‌ಗಳಿವೆ. ಅವಕ್ಕೆ ಸುತ್ತಿರುವ ಕಾರ್ಕ್, ಓಕ್ ಜಾತಿಯ ಮರದ ತೊಗಟೆ. ಒತ್ತಿದರೆ ಕುಗ್ಗಿ, ಬಿಗಿಯಾಗಿ ಕೂತು ಗಾಳಿ ತಡೆಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಹರಿಯುತ್ತದೆ. ನಮ್ಮ ಬಯಲುಸೀಮೆ ಬಿಸಿಲಲ್ಲಿ ಅದು ಜಾಯಿಂಟ್‌ನಲ್ಲಿ ನಿಲ್ಲದೆ ಕೀಗಳ ಕೆಳಗಿನ ಪ್ಯಾಡ್‌ಗೆ ಇಳಿದರೆ, ಧೂಳು ಹಿಡಿದು ಪ್ಯಾಡ್ ಅಂಟಿಕೊಳ್ಳುತ್ತದೆ.

ಏನು ಮಾಡಬೇಕು?

• ಕಾರ್ಕ್ ಒಣಗಿದ್ದರೆ ಮಾತ್ರ ಕಾರ್ಕ್ ಗ್ರೀಸ್ ತೆಳುವಾಗಿ ಹಚ್ಚಿ.

• ಕೀಗಳ ಮೇಲೆ ಒತ್ತಡ ಬೀಳದಂತೆ, ನಿಧಾನವಾಗಿ ತಿರುಗಿಸುತ್ತಾ ಜೋಡಿಸಿ.

• ಊದಿದ ಮೇಲೆ ಬಿಚ್ಚಿ, ಒಳಗಿನ ಮತ್ತು ಜಾಯಿಂಟ್‌ನ ತೇವ ಒರೆಸಿ.

• ತೇವಕ್ಕೆ ಮರ ಉಬ್ಬಿ ಜಾಯಿಂಟ್ ಸಿಕ್ಕಿಕೊಂಡರೆ ಎಳೆದಾಡಬೇಡಿ. ಒಣಗಲು ಬಿಡಿ; ಬಲ ಹಾಕಿದರೆ ಮರವೇ ಸೀಳಬಹುದು.

• ಕಾರ್ಕ್ ಹರಿದು ಜಾಯಿಂಟ್ ಅಲುಗಾಡಿದರೆ ಗ್ರೀಸ್ ಸಾಲದು. ಆ ದಿನದ ಮಟ್ಟಿಗೆ ನೂಲು ಸುತ್ತಿಕೊಳ್ಳಿ, ಆಮೇಲೆ ಹೊಸ ಕಾರ್ಕ್ ಹಾಕಿಸಿ.

ವಾದ್ಯ ಕೆಟ್ಟರೆ ಮದುವೆ ಸೀಸನ್ನಿನ ದುಡಿಮೆಯೇ ಹೋಗುತ್ತದೆ. ನಿಮ್ಮೂರ ಬ್ಯಾಂಡ್‌ಸೆಟ್‌ನವರಿಗೂ ಇದನ್ನು ಕಳಿಸಿ.